ಹುಳು ಸಾಕುವ ಮನೆಯ ಜೇಡ

ಕೆಂಪಾಜಮ್ಮ ಬಾಯಿ ಬಿಡದೆ ಜೇಡರ ಬಲೆ ಹೊಡೆಯುತ್ತಿದ್ದಳು. ಉದ್ದನೆಯ ಗಳುವಿನ ತುದಿಗೆ ಪೊರಕೆ ಕಟ್ಟಿ, ಮೂಗಿಗೆ ಸೆರಗು ಬಿಗಿದು, ಸೂರಿನ ಒಂದೊಂದೇ ಮೂಲೆಗೆ ಹೋಗುತ್ತಿದ್ದಳು. ಪೊರಕೆ ಒಂದು ಸುತ್ತು ತಿರುಗಿದರೆ ಒಂದು ಸಂಸಾರ ಅದಕ್ಕೆ ಸುತ್ತಿಕೊಂಡು ಹೋಗುತ್ತಿತ್ತು. ನಾನು ಹುಟ್ಟಿದ್ದು ಆ ದಿನ.

ನಾನು ಒಂದು ಜೇಡ. ಕಾಡಿನದಲ್ಲ, ಮರದ್ದಲ್ಲ. ಎಲ್ಲರ ಮನೆಯ ಮೂಲೆಯಲ್ಲೂ ಕೂದಲಿನಂಥ ಉದ್ದ ಕಾಲು ಚಾಚಿ ತಲೆಕೆಳಗಾಗಿ ತೂಗುತ್ತದಲ್ಲ, ಅದು. ನನ್ನ ತಾಯಿ ಮೊಟ್ಟೆಗಳನ್ನು ನೂಲಿನಲ್ಲಿ ಸಡಿಲವಾಗಿ ಕಟ್ಟಿ ಬಾಯಲ್ಲಿ ಕಚ್ಚಿಕೊಂಡಿದ್ದಳು. ಬಾಯಲ್ಲಿ ಮಕ್ಕಳಿದ್ದ ಮೇಲೆ ತಿನ್ನುವುದು ಹೇಗೆ? ನಾವು ಹೊರಗೆ ಬರುವವರೆಗೂ ಅವಳು ಉಪವಾಸ. ನಾವು ಹೊರಗೆ ಬಂದು, ಧೂಳಿನಂತೆ ಅವಳ ಸುತ್ತ ತೂಗಿಕೊಂಡೆವು. ಅಷ್ಟರಲ್ಲಿ ಪೊರಕೆ ಬಂತು. ತಾಯಿ ನಮಗೆಲ್ಲ ಗೊತ್ತಿರುವ ಒಂದೇ ಉಪಾಯ ಮಾಡಿದಳು. ಬಲೆಯ ಸಮೇತ ಗಡಗಡ ನಡುಗಿದಳು. ಹಾಗೆ ನಡುಗಿದರೆ ಹಲ್ಲಿಗೆ ಗುರಿ ಸಿಗುವುದಿಲ್ಲ. ಪೊರಕೆಗೆ ಗುರಿಯೇ ಬೇಕಿಲ್ಲ. ತಾಯಿ ಹೋದಳು. ನಾನು ಮತ್ತು ಒಬ್ಬಳು ಅಕ್ಕ ತೊಲೆಯ ಬಿರುಕಿನಲ್ಲಿ ಉಳಿದೆವು.

ಇಷ್ಟೆಲ್ಲ ಸ್ವಚ್ಛ ಮಾಡುವುದು ಯಾರೋ ದೊಡ್ಡ ನೆಂಟರಿಗಾಗಿ ಎಂದು ನಾನು ತಿಳಿದಿದ್ದೆ. ನೆಲಕ್ಕೆ ಬ್ಲೀಚಿಂಗ್ ಪುಡಿ ಎರಚಿದರು. ಗೋಡೆಗೆ ಸುಣ್ಣ ಬಳಿದರು. ಆ ಘಾಟಿಗೆ ನನ್ನ ಹೊಸ ಕಾಲುಗಳು ಮುದುರಿಕೊಂಡವು. ಆಮೇಲೆ ನೆಂಟರು ಬಂದರು. ಹುಳುಗಳು! ಕೆಂಪಾಜಮ್ಮನದು ರೇಷ್ಮೆ ಹುಳು ಸಾಕುವ ಮನೆ. ಅರ್ಧ ಮನೆಯಲ್ಲಿ ಹುಳು, ಇನ್ನರ್ಧದಲ್ಲಿ ಮನುಷ್ಯರು. ಒಳ್ಳೆಯ ಅರ್ಧ ಹುಳುವಿನದು.

ಹೇಳಿಬಿಡುತ್ತೇನೆ, ನನಗೆ ಆ ಹುಳುಗಳನ್ನು ಕಂಡರೆ ವಾಕರಿಕೆ. ಕಾಲೆಂಬ ಹೆಸರಿಗೆ ಮೊಂಡು ಮೊಂಡು ಮೊಳೆಗಳು. ಬಿಳಿಚಿದ ಮೆತ್ತನೆಯ ಮೈ. ತಿನ್ನುವುದು, ಹಿಕ್ಕೆ ಹಾಕುವುದು, ಅದರ ಮೇಲೇ ಮಲಗುವುದು, ಎದ್ದು ಮತ್ತೆ ತಿನ್ನುವುದು. ನಾವು ಜೇಡಗಳು ತಿನ್ನುವ ಜಾಗವನ್ನು ಹೊಲಸು ಮಾಡಿಕೊಂಡು ಅದರಲ್ಲಿ ಹೊರಳುವುದಿಲ್ಲ. ಆದರೂ ಆ ಮನೆಯಲ್ಲಿ ಮರ್ಯಾದೆ ಹುಳುವಿಗೆ. ಹುಳು ಪೊರೆ ಬಿಡುವಾಗ ಅದಕ್ಕೆ ‘ಜ್ವರ’ ಎನ್ನುತ್ತಾರೆ, ಮನೆಯವರೆಲ್ಲ ಪಿಸುಮಾತಿನಲ್ಲಿ ಓಡಾಡುತ್ತಾರೆ. ನಾನೂ ಪೊರೆ ಬಿಟ್ಟೆ. ನನ್ನ ಪೊರೆ ನೋಡಿ ಕೆಂಪಾಜಮ್ಮ “ಥೂ” ಎಂದಳು.

ಹುಳು ಇದ್ದಷ್ಟು ದಿನ ಆ ಮನೆಗೆ ಕಟ್ಟಳೆಗಳಿದ್ದವು. ಊದುಬತ್ತಿ ಹಚ್ಚುವಂತಿಲ್ಲ. ಪೌಡರು, ಸೆಂಟು ಹಾಕುವಂತಿಲ್ಲ. ಸೊಳ್ಳೆಬತ್ತಿಯ ಮಾತೇ ಇಲ್ಲ. ಹೊರಗಿನವರು ಹೊಸಿಲು ದಾಟುವಂತಿಲ್ಲ. ಮನೆಯವರೂ ಬ್ಲೀಚಿಂಗ್ ನೀರಿನಲ್ಲಿ ಕಾಲಿಟ್ಟೇ ಒಳಗೆ ಬರಬೇಕು. ಹಾಗಾಗಿ ನಮಗೂ ಬದುಕು ಹಗುರವಾಗಿತ್ತು. ಹುಳು ಬರುವ ಮುಂಚಿನ ಪೊರಕೆಯನ್ನು ತಪ್ಪಿಸಿಕೊಂಡ ಜೇಡಕ್ಕೆ ಆಮೇಲೆ ಯಾವ ವಿಷದ ಭಯವೂ ಇಲ್ಲ. ಅಕ್ಕ ಹಿಂದಿನ ಸೊಪ್ಪಿನ ಕೋಣೆಯ ಮೂಲೆ ಹಿಡಿದಳು. ಹಿಪ್ಪುನೇರಳೆ ಸೊಪ್ಪನ್ನು ಅಲ್ಲಿ ರಾಶಿ ಹಾಕಿ ಒದ್ದೆ ಗೋಣಿ ಹೊದಿಸುತ್ತಿದ್ದರು. ತಂಪಿಗೆ ಸೊಳ್ಳೆ ಬರುತ್ತಿದ್ದವು. ನಾನು ಅಡುಗೆಮನೆಗೂ ಸೊಪ್ಪಿನ ಕೋಣೆಗೂ ನಡುವಿನ ಬಾಗಿಲ ಮೇಲೆ ಬಲೆ ಹಾಕಿದೆ. ನನಗೆ ಎಂಟು ಕಣ್ಣಿದ್ದರೂ ಕಾಣುವುದು ಅಷ್ಟಕ್ಕಷ್ಟೆ. ನೂಲಿನ ಮೇಲೆ ಕಾಲಿಟ್ಟುಕೊಂಡು ಮನೆಯನ್ನು ಕೇಳುತ್ತೇನೆ.

ಹಾಗೆ ಕೇಳಿದ್ದು, ಸುಕನ್ಯಾಳ ಹೆಜ್ಜೆ. ಕೆಂಪಾಜಮ್ಮನ ಮಗ ಮರಿಲಿಂಗನನ್ನು ಮದುವೆಯಾಗಿ ಬಂದ ಹುಡುಗಿ. ಪೇಟೆಯ ಕಡೆಯವಳು, ಹುಳು ಕಂಡವಳಲ್ಲ. ಮೊದಲ ದಿನ ಅತ್ತೆ ಅವಳನ್ನು ತಟ್ಟೆಗಳ ಮುಂದೆ ನಿಲ್ಲಿಸಿದಳು. ದೊಡ್ಡ ಬಿದಿರ ತಟ್ಟೆಯ ತುಂಬ ಹುಳು ಮಿಸುಕಾಡುತ್ತಿದ್ದವು. ಸುಕನ್ಯಾ ಬಾಯಿಗೆ ಕೈ ಅಡ್ಡ ಹಿಡಿದು ಹಿತ್ತಲಿಗೆ ಓಡಿದಳು.

“ಯಾಕಮ್ಮಿ? ಹುಳ ಕಂಡ್ರೆ ಹಿಂಗಾಡ್ತೀಯಲ್ಲ, ಧಾರೆಗೆ ರೇಷ್ಮೆ ಸೀರೆನೇ ಬೇಕು ಅಂದ್ಯಂತೆ? ಅದೇನು ಬೇಲಿ ಮ್ಯಾಲೆ ಹೂ ಬುಟ್ಟಿತ್ತಾ?” ಎಂದು ಕೆಂಪಾಜಮ್ಮ ಕೂಗಿದಳು.

ಮರಿಲಿಂಗ ನಕ್ಕುಬಿಟ್ಟ. ಆಮೇಲೆ ಹೆಂಡತಿಯ ಮುಖ ನೋಡಿ, “ಅವ್ವಾ, ಬುಡು ಅತ್ಲಾಗೆ. ಅಭ್ಯಾಸ ಆಯ್ತದೆ,” ಎಂದ.

“ಆಗ್ಲಿ ಕಣಪ್ಪ. ಆಗ್ದೆ ಇದ್ರೆ ಈ ಮನೇಲಿ ಇರಾದೆಂಗೆ? ನಮ್ ಅನ್ನ ಅದೇಯ.”

ಆ ಮಾತು ಸುಕನ್ಯಾಳಿಗೆ ಚುಚ್ಚಿತು ಎಂದು ನನಗೆ ಗೊತ್ತಾದದ್ದು ಊಟದ ಹೊತ್ತಿಗೆ. ಅನ್ನದ ಅಗುಳನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದಳು. ಬಿಳಿಯದು, ಮೆತ್ತಗಿನದು. ತಟ್ಟೆ ಸರಿಸಿದಳು. ಅಷ್ಟು ಅಸಹ್ಯ ಪಡುವ ಇನ್ನೊಂದು ಜೀವ ಆ ಮನೆಯಲ್ಲಿ ನನ್ನನ್ನು ಬಿಟ್ಟರೆ ಇರಲಿಲ್ಲ. ಸ್ನೇಹಿತೆ ಸಿಕ್ಕಳು ಎಂದುಕೊಂಡೆ. ಆದರೆ ಅವಳು ತಲೆ ಎತ್ತಿ ನನ್ನನ್ನು ನೋಡಿದಾಗ ಮುಖ ಇನ್ನಷ್ಟು ಹಿಂಡಿಕೊಂಡಿತು. ಹುಳುವಿನ ಮೇಲಿದ್ದ ಹೇಸಿಗೆಯನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲವಲ್ಲ, ಅದನ್ನೂ ಸೇರಿಸಿ ನಮ್ಮ ಮೇಲೆ ಹಾಕಿದಳು.

ಮನುಷ್ಯರ ಈ ನ್ಯಾಯ ನನಗೆ ಇವತ್ತಿಗೂ ಹಿಡಿಸಿಲ್ಲ. ಕೈ ತುಂಬ ಹುಳು ಬಾಚಿಕೊಳ್ಳುವ ಕೆಂಪಾಜಮ್ಮನೂ ಸೆರಗಿನ ಮೇಲೆ ಜೇಡ ಇಳಿದರೆ ಕುಣಿಯುತ್ತಾಳೆ. ನಾವು ಅವರ ಮೈಮೇಲೆ ಬೀಳುವುದು ಬೇಕೆಂದಲ್ಲ. ನೂಲು ಹರಿದಾಗ ಬೀಳುತ್ತೇವೆ. ಬಿದ್ದ ಕೂಡಲೇ ಓಡುವ ದಾರಿ ಹುಡುಕುತ್ತೇವೆ. ಬೆವರು, ಹರಳೆಣ್ಣೆ, ಬೆಳ್ಳುಳ್ಳಿ ಎಲ್ಲ ಸೇರಿದ ಆ ಚರ್ಮದ ಮೇಲೆ ಕಾಲಿಡುವುದು ನಮಗೇನು ಹಬ್ಬವೇ?

ದಿನ ಕಳೆದಂತೆ ಕೆಂಪಾಜಮ್ಮ ಸೊಸೆಗೆ ಒಂದು ತಟ್ಟೆ ವಹಿಸಿದಳು. “ಇದು ನಿಂದು. ಸೊಪ್ಪು ಹಾಕಾದೂ ನೀನೇ, ಹಿಕ್ಕೆ ತಗ್ಯಾದೂ ನೀನೇ. ಗೂಡು ಕಟ್ದಾಗ ನೋಡವ.” ಆ ಮಾತಿನಲ್ಲಿ ಪರೀಕ್ಷೆಯೂ ಇತ್ತು, ಸ್ವಲ್ಪ ಪ್ರೀತಿಯೂ ಇತ್ತು. ಸುಕನ್ಯಾ ಹುಳುವನ್ನು ಮುಟ್ಟದೆ, ದೂರದಿಂದ ಸೊಪ್ಪು ಉದುರಿಸಿ, ಮುಖ ತಿರುಗಿಸಿಕೊಂಡು ಸಾಕಿದಳು. ಹುಳು ಬೆಳೆದವು. ಕೊನೆಯ ಜ್ವರದಿಂದ ಎದ್ದವು. ಆಗ ಅವು ತಿನ್ನುವ ಸದ್ದು ಒಣಗಿದ ಎಲೆಯ ಮೇಲೆ ಯಾರೋ ನಡೆಯುತ್ತಲೇ ಇರುವಂತೆ ನನ್ನ ನೂಲಿಗೆ ಬಂದು ತಟ್ಟುತ್ತಿತ್ತು. ಇಡೀ ಮನೆ ಜಗಿಯುತ್ತಿತ್ತು. ನನಗೆ ಹೇಸಿಗೆಯಿಂದ ಹಸಿವೇ ಆಗುತ್ತಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ಅತ್ತೆ, ಮಗ ಇಬ್ಬರೂ ತೋಟಕ್ಕೆ ಹೋಗಿದ್ದರು. ಸುಕನ್ಯಾ ಸೊಪ್ಪು ತೆಗೆಯಲು ಬಗ್ಗಿದಳು. ಅಕ್ಕ ಅವಳ ಕತ್ತಿನ ಮೇಲೆ ಬಿದ್ದಳು. ಕತ್ತಿನಿಂದ ರವಿಕೆಯೊಳಗೆ. ಸುಕನ್ಯಾ ಕಿರುಚಿ, ಕೊಡವಿ, ಗೋಡೆಗೆ ಒರಗಿ ಅತ್ತಳು. ಅಷ್ಟು ದಿನ ನುಂಗಿದ್ದೆಲ್ಲ ಹೊರಗೆ ಬಂದಂತೆ ಅತ್ತಳು. ಅಕ್ಕ ಹೇಗೋ ತನ್ನ ಮೂಲೆ ಸೇರಿದ್ದಳು. ಸುಕನ್ಯಾ ಕೋಣೆಗೆ ಹೋಗಿ ತವರಿನಿಂದ ತಂದ ಚೀಲದ ತಳದಿಂದ ಒಂದು ಡಬ್ಬ ತಂದಳು. ಜಿರಲೆ ಸಾಯಿಸುವ ಔಷಧಿ. ಹುಳುವಿನ ಮನೆಯ ಬಾಗಿಲು ಎಳೆದು ಮುಚ್ಚಿದಳು, ಅಷ್ಟು ಎಚ್ಚರ ಅವಳಿಗಿತ್ತು. ಆಮೇಲೆ ಸೊಪ್ಪಿನ ಕೋಣೆಯ ಮೂಲೆಗೆ ಡಬ್ಬ ಎತ್ತಿ ಒತ್ತಿದಳು. ಸೊಪ್ಪಿನ ರಾಶಿ ಆ ಮೂಲೆಯ ಕೆಳಗೇ ಇದೆ, ಗೋಣಿ ಅರ್ಧ ತೆರೆದೇ ಇದೆ ಎಂಬುದು ಅವಳಿಗೆ ಹೊಳೆಯಲಿಲ್ಲ.

ಒಂದು ಬೀಸು ಗಾಳಿ ನನ್ನ ಕಡೆಗೂ ಬಂತು. ನಾಲಿಗೆ ಇಲ್ಲದ ನನಗೂ ಅದು ಕಹಿ ಎಂದು ತಿಳಿಯಿತು. ನಾನು ಬಾಗಿಲ ಚೌಕಟ್ಟಿನ ಸಂದಿಗೆ ಓಡಿದೆ. ಅಕ್ಕ ತಾಯಿಯ ಹಾಗೆ ನಡುಗಿದಳು. ಅವಳ ನಡುಕ ಗೋಡೆಯ ಮೂಲಕ ನನ್ನ ಕಾಲಿಗೆ ಬರುತ್ತಿತ್ತು. ಆಮೇಲೆ ಬರಲಿಲ್ಲ.

ಸುಕನ್ಯಾ ಕಿಟಕಿ ತೆರೆದು ವಾಸನೆ ಹೋಗಲು ಬಿಟ್ಟಳು. ಮುಖ ತೊಳೆದಳು. ಹೊತ್ತು ಮೀರಿತೆಂದು ರಾಶಿಯ ಮೇಲಿನ ಸೊಪ್ಪನ್ನೇ ತೆಗೆದು ತನ್ನ ತಟ್ಟೆಗೆ ಹಾಕಿದಳು. ಗೋಣಿ ಸರಿಯಾಗಿ ಹೊದಿಸಿದಳು. ನನ್ನ ಮಾತು ಅವಳಿಗೆ ಕೇಳುವುದಿಲ್ಲ. ಕೇಳಿದ್ದರೂ ಅಂದು ನಾನು ಹೇಳುತ್ತಿದ್ದೆನೋ ಇಲ್ಲವೋ.

ಸಂಜೆಯ ಬೆಳಕು ಇರುವಾಗಲೇ ಕೆಂಪಾಜಮ್ಮ ಬಂದು ಮಂಕರಿ ಬುಟ್ಟಿ ಹಿಡಿದು ಸೊಪ್ಪಿನ ಕೋಣೆಗೆ ನುಗ್ಗಿದಳು. ಬ್ಲೀಚಿಂಗ್ ಘಾಟಿಗೆ ಮೂಗು ಸತ್ತುಹೋಗಿದ್ದ ಅವಳಿಗೆ ಏನೂ ವಾಸನೆ ಬಡಿಯಲಿಲ್ಲ. ಎಲ್ಲ ತಟ್ಟೆಗಳಿಗೂ ಸಾಕಾಗುವಷ್ಟು ಸೊಪ್ಪು ತುಂಬಿಕೊಂಡಳು. ಅದೇ ಹೊತ್ತಿಗೆ ಸುಕನ್ಯಾ ತನ್ನ ತಟ್ಟೆಯ ಮುಂದೆ ನಿಂತಿದ್ದಳು. ಅವಳ ಹುಳುಗಳು ತಿನ್ನುತ್ತಿರಲಿಲ್ಲ. ಅರ್ಧ ಮೈ ಮೇಲೆತ್ತಿ ತಲೆಯನ್ನು ಅತ್ತಿತ್ತ ತೂಗುತ್ತಿದ್ದವು. ಬಾಯಿಂದ ಹಸಿರು ನೀರು ಸುರಿಯುತ್ತಿತ್ತು. ಅವಳು ಓಡಿ ಬಂದು ಸೊಪ್ಪಿನ ಕೋಣೆಯ ನೆಲ ನೋಡಿದಳು. ಗೋಣಿಯ ಮೇಲೆ ಅಕ್ಕ ಕಾಲು ಮಡಿಚಿಕೊಂಡು ಬಿದ್ದಿದ್ದಳು. ಪಕ್ಕದಲ್ಲಿ ಒಂದಿಷ್ಟು ಸೊಳ್ಳೆ. ಒಂದು ಹಲ್ಲಿಮರಿ.

ಮಂಕರಿ ಹೊತ್ತ ಅತ್ತೆ ಹುಳುವಿನ ಮನೆಯ ಹೊಸಿಲಿನ ಹತ್ತಿರ ಹೋಗಿದ್ದಳು. ಸುಕನ್ಯಾ ಸುಮ್ಮನಿರಬಹುದಿತ್ತು. ಪಕ್ಕದ ಹೊಲದವರು ಅವರೆ ಗಿಡಕ್ಕೆ ಔಷಧಿ ಹೊಡೆದರು, ಗಾಳಿಗೆ ಬಂತು ಎಂದು ಊರೇ ನಂಬುತ್ತಿತ್ತು. ಪ್ರತಿ ಸಲ ಹುಳು ಸತ್ತಾಗ ಆ ಊರಿನಲ್ಲಿ ನಡೆಯುವ ಜಗಳವೇ ಅದು.

“ಅತ್ತೆ, ಹಾಕ್ಬೇಡಿ!”

ಅಷ್ಟು ಗಟ್ಟಿಯಾಗಿ ಅವಳು ಆ ಮನೆಯಲ್ಲಿ ಮಾತಾಡಿರಲೇ ಇಲ್ಲ.

“ಯಾಕಮ್ಮಿ?”

“ಆ ಸೊಪ್ಪಿಗೆ... ನಾನು ಔಷಧಿ ಹೊಡ್ದೆ. ಜೇಡಕ್ಕೆ ಅಂತ. ನಂಗೆ ಗೊತ್ತಾಗ್ಲಿಲ್ಲ ಅತ್ತೆ.”

ಮಂಕರಿ ಕೆಳಗಿಳಿಯಿತು. ಕೆಂಪಾಜಮ್ಮ ಹೊಸಿಲ ಮೇಲೆ ಕುಳಿತು ಹಣೆ ಹಣೆ ಬಡಿದುಕೊಂಡಳು. “ಊದುಗಡ್ಡಿ ಹಚ್ಬ್ಯಾಡ ಅಂದ್ನಲ್ಲೇ! ಊದುಗಡ್ಡಿಗೇ ಸಾಯೋ ಹುಳ, ಇಸ ಕೊಟ್ರೆ ಉಳಿದಾವಾ? ಅಯ್ಯೋ ನನ್ನವ್ವ, ಊಟಕ್ ಇಕ್ಕಾ ಕೈಲಿ ಇಸ ಇಕ್ದಲ್ಲೇ!”

ಮರಿಲಿಂಗ ಸೈಕಲ್ ಹತ್ತಿ, ಪಕ್ಕದ ತೋಟದ ಚನ್ನೇಗೌಡನ ಹತ್ತಿರ ಸೊಪ್ಪು ಕೇಳಲು ಹೋದ. ಹಾಳಾದ ಸೊಪ್ಪನ್ನು ಹಸು, ಕುರಿ ಬಾಯಿ ಹಾಕದಂತೆ ಗುಂಡಿಗೆ ಹಾಕಿ ಮಣ್ಣು ಮುಚ್ಚಿದರು. ನೆಲವನ್ನು ಸೋಪಿನ ನೀರಿನಲ್ಲಿ ಉಜ್ಜಿದರು. ಅಷ್ಟು ಹೊತ್ತೂ ತಟ್ಟೆಗಳಲ್ಲಿದ್ದ ಹುಳುಗಳಿಗೆ ತಿನ್ನಲು ಏನೂ ಇರಲಿಲ್ಲ. ಜಗಿಯುವ ಸದ್ದು ನಿಂತಿತ್ತು. ನನ್ನ ನೂಲು ಬರಿದಾಗಿ ತೂಗುತ್ತಿತ್ತು. ನಾನು ಅಷ್ಟು ಹೇಸುತ್ತಿದ್ದ ಸದ್ದು ಇಲ್ಲದ್ದಕ್ಕೆ ನನಗೆ ಭಯವಾಯಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಚನ್ನೇಗೌಡ ತನ್ನ ಹುಳುವಿಗೆ ಕಡಿಸಿದ್ದ ಸೊಪ್ಪಿನಲ್ಲಿ ಒಂದು ಪಾಲು ಕೊಟ್ಟ. ಕತ್ತಲಾಗುವ ಮೊದಲೇ ಜಗಿತ ಮತ್ತೆ ಶುರುವಾಯಿತು. ಉಳಿದ ತಟ್ಟೆಗಳೆಲ್ಲ ಉಳಿದವು. ಸುಕನ್ಯಾಳದು ಮಾತ್ರ ಉಳಿಯಲಿಲ್ಲ.

ಸತ್ತ ಹುಳುಗಳನ್ನು ತೆಗೆಯಲು ಅತ್ತೆ ಕೈ ಚಾಚಿದಾಗ ಸುಕನ್ಯಾ ಅಡ್ಡ ಬಂದಳು. ಬರಿಗೈಯಲ್ಲಿ ಒಂದೊಂದನ್ನೇ ಎತ್ತಿ ಸುಣ್ಣ ಉದುರಿಸಿದ ಬುಟ್ಟಿಗೆ ಹಾಕಿದಳು. ಬೆರಳಿಗೆ ಹಸಿರು ಅಂಟಿತು. ಒರೆಸಿಕೊಳ್ಳದೆ ಮುಂದಿನದನ್ನು ಎತ್ತಿದಳು. ನೋಡುವುದಕ್ಕೆ ಅದೇನೂ ಚೆನ್ನಾಗಿರಲಿಲ್ಲ. ಕೆಂಪಾಜಮ್ಮ ಕೊನೆಯವರೆಗೂ ನೋಡಿದಳು. ಆಮೇಲೆ, “ಇನ್ ಮ್ಯಾಲೆ ಹುಳದ ಮನೆ ಹೊಸ್ಲು ತುಳೀಬ್ಯಾಡ,” ಎಂದಳು. ಬೈದಿದ್ದರೆ ಅದು ಬೇರೆ ಮಾತು. ಇದನ್ನು ತಗ್ಗಿದ ದನಿಯಲ್ಲಿ ಹೇಳಿದಳು.

ಆಮೇಲೆ ಸುಕನ್ಯಾ ಅಡುಗೆಮನೆಯವಳಾದಳು. ಹುಳು ಹಣ್ಣಾಗಿ ಮೈ ಹಳದಿಯಾದ ದಿನ ಹೊರಗಿನವರಿಗೂ ಹೊಸಿಲು ತೆರೆಯಿತು. ನೆರೆಹೊರೆಯವರೆಲ್ಲ ಬಂದು ಆರಿಸಿ, ಗೂಡು ಕಟ್ಟಿಸುವ ಬಿದಿರ ಚಂದ್ರಿಕೆಗೆ ಬಿಟ್ಟರು. ಅವಳು ಅವರಿಗೆಲ್ಲ ಕಾಫಿ ಕಾಯಿಸಿದಳು, ಹೊಸಿಲ ಈಚೆಯಿಂದ ಲೋಟ ದಾಟಿಸಿದಳು. ಹುಳುಗಳು ಇರುವ ನೂಲನ್ನೆಲ್ಲ ಒಂದೇ ಸಲಕ್ಕೆ ಕಕ್ಕಿ, ತಮ್ಮನ್ನೇ ಒಳಗೆ ಹೂತುಕೊಂಡವು. ನನಗೆ ಅದೂ ಹಿಡಿಸಲಿಲ್ಲ. ನೂಲು ಇರುವುದು ಹೊರಗಿನದನ್ನು ಮುಟ್ಟುವುದಕ್ಕೆ.

ಕೆಲಸವಿಲ್ಲದ ಹೊತ್ತಿನಲ್ಲಿ ಸುಕನ್ಯಾ ಬಾಗಿಲ ಬಳಿ ಕುಳಿತು ನನ್ನನ್ನು ನೋಡುತ್ತಿದ್ದಳು. ಒಮ್ಮೆ ಊಜಿ ನೊಣ ನನ್ನ ಬಲೆಗೆ ಬಿತ್ತು. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಒಳಗಿನಿಂದ ತಿನ್ನಿಸುವ ನೊಣ ಅದು, ಕೆಂಪಾಜಮ್ಮ ಅದರ ಹೆಸರೆತ್ತಿದರೇ ಶಪಿಸುತ್ತಾಳೆ. ನಾನು ಹಿಂಗಾಲಿನಿಂದ ನೂಲೆಸೆದು ಅದನ್ನು ಸುತ್ತಿ, ಕಚ್ಚಿ, ನೀರಾಗಿಸಿ ಹೀರಿದೆ. ಹಸಿವಿಗೆ ಮಾಡಿದ್ದು, ಉಪಕಾರಕ್ಕಲ್ಲ. ನೊಣದ ಕೂದಲು ಬಾಯಿಗೆ ಸಿಕ್ಕಿ ಹಿಂಸೆ ಬೇರೆ. ಸುಕನ್ಯಾಳ ಮುಖ ಎಂದಿನಂತೆ ಹಿಂಡಿಕೊಂಡಿತು, ಆದರೆ ಕಣ್ಣು ತೆಗೆಯಲಿಲ್ಲ. “ಥೂ, ಹೆಂಗ್ ತಿಂತೀಯೇ,” ಎಂದಳು. ಆ ಮನೆಯಲ್ಲಿ ಯಾರಾದರೂ ನನ್ನ ಹತ್ತಿರ ಮಾತಾಡಿದ್ದು ಅದೊಂದೇ.

ಮುಂದಿನ ಹುಳುವಿನ ಬೆಳೆಗೆ ಮನೆ ತೊಳೆಯುವ ಮೊದಲು ಅವಳು ಒಂದು ಗಾಜಿನ ಲೋಟವನ್ನು ನನ್ನ ಮೇಲೆ ಕವುಚಿದಳು. ಕೆಳಗೆ ರಟ್ಟು ತೂರಿಸಿದಳು. ನಾನು ತಾಯಿಯ ಹಾಗೆ ನಡುಗಿದೆ. ಬಚ್ಚಲಿನ ಮೂಲೆಗೆ ಒಯ್ದು ಬಿಟ್ಟು, ಕೈಯನ್ನು ಸೋಪು ಹಚ್ಚಿ ಉಜ್ಜಿ ಉಜ್ಜಿ ತೊಳೆದಳು. ನನಗೆ ಬೇಸರವಾಗಲಿಲ್ಲ. ಪ್ರೀತಿಯಿಲ್ಲದೆಯೂ ಒಂದು ಜೀವಕ್ಕೆ ಜಾಗ ಬಿಡಬಹುದು. ನಾನೂ ಅವಳನ್ನು ಪ್ರೀತಿಸುವುದಿಲ್ಲ.

ಈಗ ನಾನು ಮುದುಕಿ. ಎರಡು ಕಾಲು ಹೋಗಿವೆ. ಬಚ್ಚಲಿನಲ್ಲಿ ಹಂಡೆಯ ಹೊಗೆ, ಸೀಗೆಪುಡಿಯ ಘಾಟು. ಸೊಳ್ಳೆ ಮಾತ್ರ ಹೇರಳ. ಹುಳುವಿನ ಮನೆಗೂ ಬಚ್ಚಲಿಗೂ ಒಂದೇ ಗೋಡೆ, ಅದಕ್ಕೆ ಕಾಲಾನಿಸಿಕೊಂಡು ಬದುಕುತ್ತಿದ್ದೇನೆ.

ಇಂದು ಮರಿಲಿಂಗ ಮರಿಹುಳುಗಳನ್ನು ಬಟ್ಟೆ ಮುಚ್ಚಿ ತಂದ. ಕೆಂಪಾಜಮ್ಮ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚತೊಡಗಿದಳು. ಕತ್ತಿ ಮಣೆಗೆ ತಾಗುವ ಸದ್ದು ಗೋಡೆಯಲ್ಲಿ ಬರುತ್ತಿತ್ತು. ಸುಕನ್ಯಾಳ ಹೆಜ್ಜೆ ಬಂದು ಹೊಸಿಲ ಈಚೆ ನಿಂತಿತು.

“ಅತ್ತೆ, ಈ ಸಲ ನಾನೂ ಸೊಪ್ಪು ಹಾಕ್ಲಾ?”

ಕತ್ತಿ ನಿಂತಿತು. ಮರಿಲಿಂಗ ಕೆಮ್ಮಿದ. ಕತ್ತಿ ಮತ್ತೆ ಹೆಚ್ಚತೊಡಗಿತು. ಹೆಚ್ಚಿದ ಸೊಪ್ಪಿನ ಬುಟ್ಟಿ ಹೊಸಿಲ ಕಡೆಗೆ ಸರಿದ ಸದ್ದು ಗೋಡೆಯಲ್ಲಿ ಬಂತು.