ಚಿಕ್ಕಮ್ಮ ಹಾಸಿದ ಹಾಸಿಗೆ

ತಾನು ಮಲಗೆದ್ದ ಹಾಸಿಗೆಯಲ್ಲಿ ಮಲಗಿದ ಗುರುತೇ ಉಳಿಯದಂತೆ ಮಾಡುವುದು ನಮ್ಮ ಚಿಕ್ಕಮ್ಮನ ವಿಶೇಷ. ಆ ವಿಶೇಷದ ದೆಸೆಯಿಂದಲೇ, ಆಕೆ ಹಳೆಯ ನೈಟಿಯಲ್ಲಿ ಕಿಟಕಿಯ ಬಳಿ ಕೂತು ತಲೆಗೆ ಎಣ್ಣೆ ಒತ್ತಿಕೊಳ್ಳುತ್ತಿದ್ದ ಒಂದು ಮಧ್ಯಾಹ್ನ, ಹೋಟೆಲಿನ ನಾಲ್ಕನೆಯ ಮಹಡಿಯಲ್ಲಿ ಆಕೆ ಇಳಿದುಕೊಂಡಿದ್ದ ಕೋಣೆಗೆ ಅಪರಿಚಿತನೊಬ್ಬ ಚಕ್ರದ ಪೆಟ್ಟಿಗೆ ಎಳೆದುಕೊಂಡು ನಿರಾತಂಕವಾಗಿ ಪ್ರವೇಶಿಸಿದ. ಅವನ ಕೈಯ ಚರ್ಮದ ಚೀಲ ನೋಡಿದ್ದೇ ಕಸುಬು ಗುರುತಿಸಿದ ಚಿಕ್ಕಮ್ಮ, ಎಣ್ಣೆಯ ಬಟ್ಟಲು ಕೆಳಗಿಡದೆ, "ಮೆಡಿಕಲ್ ರೆಪ್‌ಗಳೆಲ್ಲ ಐದು ಗಂಟೆ ಮೇಲೆ" ಎಂದರಂತೆ. ಅವನು "ಸಾರಿ ಸಿಸ್ಟರ್" ಎಂದು ಹಿಮ್ಮುಖವಾಗಿಯೇ ನಿರ್ಗಮಿಸಿದನಂತೆ.

ನಮ್ಮ ಚಿಕ್ಕಮ್ಮನಲ್ಲಿ ಚಿಕ್ಕದೆಂಬುದು ಆ ಸಂಬಂಧವಾಚಕದ ಮೊದಲೆರಡು ಅಕ್ಷರ ಮಾತ್ರ. ಮೂವತ್ತನಾಲ್ಕು ವರ್ಷ ದೊಡ್ಡಾಸ್ಪತ್ರೆಯ ಹೆಡ್ ಸಿಸ್ಟರ್ ಆಗಿದ್ದವರು. ಆಕೆಯ ಶಿಸ್ತಿಗೆ ಸುಸ್ತಾಗದ ಡಾಕ್ಟರಿರಲಿಲ್ಲ. ರಬ್ಬರ್ ಚಪ್ಪಲಿಯ ಸದ್ದಿಲ್ಲದ ನಡಿಗೆ, ಹೋದಲ್ಲೆಲ್ಲ ಗೋಡೆಯ ಗಡಿಯಾರವನ್ನು ತನ್ನ ಕೈಗಡಿಯಾರದೊಡನೆ ತಾಳೆ ನೋಡುವ ಚಟ. ಆ ದಿನ ತಿಂಡಿಗೆ ಇಳಿಯುವ ಮುನ್ನ ಚಾದರದ ಮೂಲೆಗಳನ್ನು ಲಕೋಟೆಯಂತೆ ಮಡಿಸಿ ಸಿಕ್ಕಿಸಿ, ಬಚ್ಚಲನ್ನು ಒರೆಸಿ ಒಣಗಿಸಿ, ಲೋಟ ಬೋರಲು ಹಾಕಿ, ಸಾಮಾನೆಲ್ಲ ಬೀರುವಿನೊಳಗೆ ಸೇರಿಸಿದ್ದರು. ಇಣುಕಿದ ಹೌಸ್‌ಕೀಪಿಂಗ್ ಹೆಂಗಸು 'ಖಾಲಿ' ಎಂದು ಬರೆದಳು. ಕೆಳಗೆ ರಿಸೆಪ್ಷನ್ನಿನವರು ಕೋಣೆಯನ್ನು ಇನ್ನೊಬ್ಬರಿಗೆ ಕೊಟ್ಟರು.

ಇದು ಚಿಕ್ಕಮ್ಮ ಒಬ್ಬರೇ ಕೈಗೊಂಡ ಮೊದಲ ಪ್ರವಾಸ. ಸಣ್ಣ ತೊಂದರೆಯಾದರೂ ಇದೇ ಕೊನೆಯದೆಂಬುದು ಮಗನ ಷರತ್ತು. ಅದೇ ನಗರದಲ್ಲಿರುವ ನಾನು ಅವನ ಅಧಿಕೃತ ಗೂಢಚಾರ. ಹೋಟೆಲಿನಿಂದ ಫೋನ್ ಬಂದದ್ದೇ ಓಡಿದೆ. ಆಕೆ 'ಖಾಲಿ' ಎಂದು ಬರೆದ ಆ ಹೆಂಗಸಿಗೇ ಚಾದರ ಮಡಿಸುವ ಪಾಠ ಮಾಡುತ್ತಿದ್ದರು.

"ಕೈ ಹೀಗೆ ಒಳಗೆ ತಳ್ಳಮ್ಮ. ರೋಗಿ ಹೊರಳಿದ್ರೂ ಬಿಚ್ಚಬಾರದು."

"ಇಲ್ಲಿ ರೋಗಿಗಳು ಬರಲ್ಲ ಮೇಡಂ."

"ಬಿಲ್ ನೋಡಿದ ಮೇಲೆ ಆಗ್ತಾರೆ ಬಿಡು."

ಅಷ್ಟರಲ್ಲಿ ನನ್ನ ಮೊಬೈಲಿಗೆ ಮಗನ ಫೋನು; ಹೋಟೆಲಿನವರು ಅವನಿಗೂ ತಿಳಿಸಿದ್ದರಂತೆ. ನಾನು ಸುಳ್ಳು ಹುಡುಕುತ್ತಿರುವಾಗಲೇ ಚಿಕ್ಕಮ್ಮ ಕಸಿದುಕೊಂಡು ಸ್ಪೀಕರ್ ಒತ್ತಿದರು.

"ಹೂಂ ಕಣೋ, ಬಂದಿದ್ದ ಒಬ್ಬ. ಬಾಗಿಲು ತಟ್ಟದೆ ನುಗ್ಗೋರು ನಂಗೇನು ಹೊಸಬರಾ, ನಿನ್ನ ಸಾಕಿದೀನಿ."

"ಅಮ್ಮ, ತೊಂದರೆ ಆದ್ರೆ ವಾಪಸ್ಸು ಅಂತ ಮಾತಾಗಿತ್ತಲ್ಲ?"

"ತೊಂದರೆ ಆಗಿದ್ದು ಅವನಿಗೆ. ಪಾಪ, ಬೆವತುಹೋದ. ಮುಂದಿನ ತಿಂಗಳು ಸಮುದ್ರದ ಕಡೆ ರೂಮು ಹೇಳಿದೀನಿ. ಒಬ್ಬಳಿಗೇ."

 ಆ ಕಡೆಯಿಂದ ಸೋತವನ ನಗೆ. "ಬಾಗಿಲಿಗೆ ಒಳಗಿಂದ ಚಿಲಕ ಹಾಕ್ಕೋ, ಅಷ್ಟೇ."

ಜೀವಮಾನವೆಲ್ಲ ಪರರ ಮಂಚದ ಪಕ್ಕ ನಿಂತು ಕಳೆದವರು ಕಡೆಗೊಮ್ಮೆ ತಮಗಾಗಿ ಹೊರಟಾಗ, ನಮ್ಮಂಥವರು ಸವೆಸಿ ಹಳತಾಗಿಸಿದ ಬೀದಿಗಳಲ್ಲೂ ಏನೋ ಅಪೂರ್ವವಾದದ್ದು ಅವರಿಗೆ ಗೋಚರಿಸುತ್ತದೆಂದು ನಾನು ದೃಢವಾಗಿ ನಂಬಿದ್ದೇನೆ. ಆ ನಂಬಿಕೆಯಿಂದಲೇ ಕೇಳಿದೆ: "ಮೂರು ದಿನದಲ್ಲಿ ಊರಲ್ಲಿ ಏನೇನು ನೋಡಿದ್ರಿ ಚಿಕ್ಕಮ್ಮ?"

"ಊರಾ? ಇನ್ನೂ ಆಚೆಗೇ ಹೋಗಿಲ್ಲ ಕಣೋ. ಬೆಳಿಗ್ಗೆ ಒಂಬತ್ತರವರೆಗೂ ಎಚ್ಚರಾನೇ ಆಗ್ತಿಲ್ಲ."