ಯಾರ ಕಡೆಯವಳೂ ಅಲ್ಲದವಳು

ಸಿಡ್ನಿಯ ಕ್ವೇಕರ್ಸ್ ಹಿಲ್‌ನ ವೃದ್ಧಾಶ್ರಮದಲ್ಲಿ ರೋಸೀನಾಳನ್ನು ನೋಡಲು ಯಾರೂ ಬರುತ್ತಿರಲಿಲ್ಲ. ಎಂಬತ್ತೆರಡರ ಆ ಇಟಾಲಿಯನ್ ಮುದುಕಿಯ ಮನೆತನದ ಹೆಸರೆತ್ತಿದರೆ ಅವಳ ದೇಶದವರೇ ಮಾತು ಬದಲಿಸುತ್ತಿದ್ದರು. ಮಗ ಜೈಲಿನಲ್ಲಿದ್ದ. ಸ್ನಾನ ಮಾಡಿಸಿ ತಲೆ ಬಾಚುವ ಸಂಧ್ಯಾರಾಣಿಯೊಬ್ಬಳೇ ಅವಳಿಗೆ ಮಾತಿನ ಜೊತೆ. ಗಂಡನಿಂದ ಬೇರೆಯಾಗಿ ಒಂದೇ ಕೋಣೆಯಲ್ಲಿ ಬದುಕುತ್ತಿದ್ದ ಹುಬ್ಬಳ್ಳಿಯ ಸಂಧ್ಯಾರಾಣಿಗೂ ಆ ಊರಲ್ಲಿ ಬೇರೆ ಯಾರಿದ್ದರು?

ಗೆಳತಿಯ ಗೃಹಪ್ರವೇಶಕ್ಕೆ ಮೆಲ್ಬರ್ನ್‌ನ ಟಾರ್ನೀಟ್‌ಗೆ ಹೋಗುತ್ತೇನೆಂದಾಗ ಮುದುಕಿ ಅವಳ ಕೈ ಹಿಡಿದಳು.

"ಮೆಲ್ಬರ್ನಲ್ಲಿ ನನ್ನ ತಂಗಿ ಇದಾಳೆ, ಕಾರ್ಮೆಲಾ. ಮಾತು ಬಿಟ್ಟು ಮೂವತ್ತೊಂದು ವರ್ಷ."

ಆಮೇಲೆ ಬಿಡಿಸಿ ಹೇಳಿದಳು. ಅವರ ನಾಡು ಕಲಾಬ್ರಿಯಾ. ಅಲ್ಲಿಯ ಎನ್‌ದ್ರಾಂಗೆಟಾ ಎಂಬ ಭೂಗತ ಜಾಲದಲ್ಲಿ ಒಂದೊಂದು ಮನೆತನವೂ ಒಂದೊಂದು ತಂಡ. ಹೆಣ್ಣು ಕೊಟ್ಟು ತಂದು ಬಿಗಿದ ನಂಟು. ಹಡಗು ಹತ್ತಿದವರ ಜೊತೆ ಅದೂ ಇಲ್ಲಿಗೆ ಬಂತು. ಅಕ್ಕನನ್ನು ಸಿಡ್ನಿಯ ಮನೆತನಕ್ಕೆ, ತಂಗಿಯನ್ನು ಮೆಲ್ಬರ್ನ್‌ನ ಇನ್ನೊಂದಕ್ಕೆ ಕೊಟ್ಟರು. ಎರಡೂ ಮನೆತನಗಳಿಗೆ ಹಗೆ ಬಿದ್ದಾಗ, ರೋಸೀನಾಳ ಮೈದುನ ಕಾರ್ಮೆಲಾಳ ಗಂಡನನ್ನು ಅವನ ಗೇಟಿನಲ್ಲೇ ಗುಂಡಿಕ್ಕಿ ಕೊಂದ.

"ಹಿಂದಿನ ದಿನವೇ ನಂಗೊತ್ತಿತ್ತು. ಅಡುಗೆಮನೇಲಿ ನಿಂತು ಕೇಳಿಸ್ಕೊಂಡಿದ್ದೆ. ಫೋನ್ ಮಾಡ್ಲಿಲ್ಲ. ಅದನ್ನ ಅವಳಿಗೆ ಹೇಳಿ ಬಾ."

"ನಾನಾ? ನಾ ಹೆಂಗ ಹೇಳ್ಲಿ, ಆಂಟಿ?"

"ನೀನು ಯಾರ ಕಡೆಯವಳೂ ಅಲ್ಲ. ಬಾಗಿಲು ತೆಗೀತಾಳೆ."

ತೆಗೆದಳು. ಕೂರಿಸಿ, ಕಾಫಿ ಕೊಟ್ಟು, ಕೊನೆಯ ತನಕ ಕೇಳಿದಳು.

"ಗೊತ್ತು," ಎಂದಳು ಕಾರ್ಮೆಲಾ. "ಮಣ್ಣಿಗೆ ಬರ್ಲಿಲ್ಲವಲ್ಲ, ಅವತ್ತೇ ಗೊತ್ತಾಯ್ತು. ಏನೂ ತಿಳೀದೇ ಇದ್ದಿದ್ರೆ ಯಾರು ತಡೆದ್ರೂ ಓಡಿ ಬರ್ತಿದ್ಳು. ನಾನು ಸತ್ತೆ ಅಂತ ಹೇಳ್ಬಿಡು."

ವಾಪಸಾಗುವಾಗ ವಿಮಾನದಲ್ಲಿ ಸಂಧ್ಯಾರಾಣಿ ಹತ್ತು ಸುಳ್ಳು ಕಟ್ಟಿ ನೋಡಿದಳು. ಯಾವುದೂ ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು.

ರೋಸೀನಾ ಕೇಳಿದ್ದು ಒಂದೇ: "ಅವಳ ಕೂದಲು ಬೆಳ್ಳಗಾಗಿದೆಯಾ?"

"ಇಲ್ಲ ಆಂಟಿ. ಕರೀ ಬಣ್ಣ ಹಚ್ಯಾರ."

ಮುದುಕಿ ನಕ್ಕಳು. ನಗುತ್ತಲೇ ಅತ್ತಳು.

ಮರುವಾರ ಡ್ಯೂಟಿ ಪಟ್ಟಿಯಲ್ಲಿ ಆ ಕೋಣೆಗೆ ಬೇರೆಯವರ ಹೆಸರಿತ್ತು. ರೋಸೀನಾಳೇ ಕೇಳಿಕೊಂಡಿದ್ದಳಂತೆ. ಸಂಧ್ಯಾರಾಣಿಗೆ ಸಿಟ್ಟು ಬರಲಿಲ್ಲ. ತನ್ನ ಗುಟ್ಟು ಬಲ್ಲ ಮುಖವನ್ನು ದಿನಾ ಬೆಳಿಗ್ಗೆ ನೋಡುವುದು ಯಾರಿಗಾದರೂ ಕಷ್ಟವೇ. ಆದರೂ ಆ ಬಾಗಿಲು ದಾಟುವಾಗ ಹೆಜ್ಜೆ ನಿಧಾನವಾಗುತ್ತಿತ್ತು. ಒಳಗೆ ಹೊಸಬಳು ಬಾಚುತ್ತಿದ್ದಳು. ಮುದುಕಿ ಕಿಟಕಿಯತ್ತ ಮುಖ ಮಾಡಿ ಕೂತಿರುತ್ತಿದ್ದಳು, ಒಂದೂ ಮಾತಿಲ್ಲದೆ.