ಮಂಜಿನ ತಿರುವಿನ ಮೈಕು

ನಾನು ಒಂದು ಮೈಕು. ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿದೆ. ಅಲ್ಲಿ ಯಾರೋ ಒಮ್ಮೆ ‘ಹಲೋ’ ಎಂದು ಪರೀಕ್ಷಿಸಿ, ಉತ್ತರಕ್ಕೆ ಕಾಯದೆ ಪೆಟ್ಟಿಗೆಯಲ್ಲಿ ಮಲಗಿಸಿದರು. ಮೈಸೂರಿನ ಶಾಮಿಯಾನದ ಅಂಗಡಿಯೊಂದಕ್ಕೆ ಬಂದು, ಮದುವೆಮನೆಗಳಲ್ಲಿ ತಪ್ಪಿಸಿಕೊಂಡ ಮಕ್ಕಳ ಹೆಸರು ಕೂಗಿದೆ. ಕೊನೆಗೆ ಪ್ರವಾಸಿ ಬಸ್ಸೊಂದರಲ್ಲಿ ಡ್ರೈವರ್ ಇನಾಯತ್ ಪಕ್ಕದ ಕೊಕ್ಕೆ ನನ್ನ ಮನೆಯಾಯಿತು.

ನನ್ನನ್ನು ಹಿಡಿಯುತ್ತಿದ್ದವರು ಗೈಡ್ ಷಡಕ್ಷರಿ. ಬೆಳಿಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ಅರಮನೆ, ಶ್ರೀರಂಗಪಟ್ಟಣ, ಸಂಜೆ ಕನ್ನಂಬಾಡಿ. ಮಾತಿಗೆ ಮುಂಚೆ ಅವರು ನನ್ನ ತಲೆಯನ್ನು ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದರು. ಬಸ್ಸು ಸುಮ್ಮನಾಗುತ್ತಿತ್ತು. ಆ ಸದ್ದಿಗೂ ಅವರ ಮೊದಲ ಮಾತಿಗೂ ನಡುವಿನ ಗಳಿಗೆ ನನಗೆ ಬಹಳ ಇಷ್ಟ.

ಒಂದು ವರ್ಷ ಅವರ ದನಿ ಒಡೆಯತೊಡಗಿತು. ಗಂಟಲಿನ ಆಪರೇಷನ್ ಮುಗಿಸಿ ಬಂದಾಗ ಬರೀ ಉಸಿರು ಉಳಿದಿತ್ತು. ಬಸ್ಸಿನ ಮಾಲೀಕರು ಬೇರೆ ಯಾರದೋ ದನಿಯನ್ನು ರೆಕಾರ್ಡ್ ಮಾಡಿಸಿ ತಂದರು.

“ನಾಳೆ ನಾನೂ ಬತ್ತೀನಿ. ಇದು ಸರಿಹೋಯ್ತು ಅಂದ್ರೆ ನೀವು ಮನೇಲಿ ರೆಸ್ಟ್ ತಗಳಿ, ಷಡಕ್ಷರಿ.”

ರೆಸ್ಟ್ ಎಂದರೇನೆಂದು ಅವರಿಗೂ ಗೊತ್ತಿತ್ತು, ನನಗೂ.

ಮರುದಿನ ಬೆಟ್ಟದ ಮೇಲೆ ದಟ್ಟ ಮಂಜು. ಊರು ಕಾಣುವ ತಿರುವಿನಲ್ಲಿ ಬಸ್ಸು ನಿಂತಿತು. ರೆಕಾರ್ಡು ಉತ್ಸಾಹದಿಂದ ಹೇಳಿತು: “ಇಗೋ, ನಿಮ್ಮ ಬಲಗಡೆ ಅರಮನೆಯ ಗೋಪುರಗಳು. ನೋಡಿ ಆನಂದಿಸಿ.”

“ಎಲ್ಲದೆ ಅರಮನೆ?” ಕಿಟಕಿ ಪಕ್ಕದ ಮುದುಕಿ ಕೇಳಿದಳು. “ಹಿಟ್ಟು ಚೆಲ್ಲಿದಂಗದೆ.”

“ಆನಂದಿಸಜ್ಜಿ, ಹೇಳ್ತಾವ್ರಲ್ಲ,” ಎಂದ ಹಿಂದಿನ ಸೀಟಿನವನು. ಬಸ್ಸೆಲ್ಲ ನಕ್ಕಿತು. ರೆಕಾರ್ಡು ಆಗಲೇ ಮುಂದಿನ ನಂದಿಯ ವರ್ಣನೆಗೆ ತೊಡಗಿತ್ತು. ಇನಾಯತ್ ಅದನ್ನು ಆರಿಸಿದ.

“ಅದಕ್ಕೆ ಕಣ್ಣಿಲ್ಲ ಸಾರ್,” ಎಂದ ಮಾಲೀಕರಿಗೆ.

ಷಡಕ್ಷರಿ ಎದ್ದರು. ನನ್ನನ್ನು ಕೊಕ್ಕೆಯಿಂದ ತೆಗೆದು ಎರಡು ಸಲ ತಟ್ಟಿದರು. ಬಸ್ಸು ಸುಮ್ಮನಾಯಿತು. ಅವರು ಅಂಗೈ ಎತ್ತಿ ‘ತಾಳಿ’ ಎಂಬಂತೆ ಹಿಡಿದರು. ಮಾತು ಬರಲಿಲ್ಲ, ಬರುವುದಿಲ್ಲವೆಂದು ಎಲ್ಲರಿಗೂ ನಿಧಾನವಾಗಿ ತಿಳಿಯಿತು. ಆದರೂ ಯಾರೂ ಮಿಸುಕಲಿಲ್ಲ. ಗಾಜಿನ ಮೇಲೆ ನೀರು ಇಳಿಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಮಂಜು ಒಂದು ಕಡೆ ತೆಳುವಾಯಿತು. ಮೊದಲು ಕೆರೆ, ಆಮೇಲೆ ಮರಗಳ ನಡುವೆ ಕೆಂಪು ಗುಮ್ಮಟ. ಅವರು ಬೆರಳು ಮಾಡಿದರು.

“ಕಂಡ್ತು ಕಣಪ್ಪ,” ಮುದುಕಿ ಕೈಮುಗಿದಳು.

ಮಾಲೀಕರೂ ಬಗ್ಗಿ ಹೊರಗೆ ನೋಡುತ್ತಿದ್ದರು. ಸಂಜೆ ಇಳಿಯುವಾಗ, “ನಾಳೆ ಹೊತ್ತಿಗೆ ಸರಿಯಾಗಿ ಬನ್ನಿ, ಷಡಕ್ಷರಿ,” ಎಂದಷ್ಟೇ ಹೇಳಿದರು.

ಈಗ ನನ್ನ ತಂತಿ ಹರಿದಿದೆ. ಬೇರೆ ಜಾಗಗಳಲ್ಲಿ ರೆಕಾರ್ಡೇ ಮಾತನಾಡುತ್ತದೆ. ಆ ತಿರುವು ಬಂದಾಗ ಮಾತ್ರ ಇನಾಯತ್ ಅದನ್ನು ಆರಿಸುತ್ತಾನೆ, ಷಡಕ್ಷರಿ ನನ್ನನ್ನು ತೆಗೆದು ತಟ್ಟುತ್ತಾರೆ. ಸದ್ದು ಬರುವುದಿಲ್ಲ. ಮುಂದಿನವರು ಅವರ ಕೈ ನೋಡಿ ಸುಮ್ಮನಾಗುತ್ತಾರೆ, ಹಿಂದಿನವರು ಮುಂದಿನವರನ್ನು ನೋಡಿ. ನನ್ನೊಳಗೆ ಹಾದುಹೋದ ಮಾತುಗಳಲ್ಲಿ ಬಹಳಷ್ಟನ್ನು ಮರೆತಿದ್ದೇನೆ. ಈ ಕಾಯುವಿಕೆಯನ್ನು ಮರೆತಿಲ್ಲ.

ಕೆಲವು ದಿನ ಮಂಜು ಸರಿಯುವುದೇ ಇಲ್ಲ. ಆಗಲೂ ಅವರು ಸ್ವಲ್ಪ ಹೊತ್ತು ಕಾಯಿಸಿ, ನನ್ನನ್ನು ಕೊಕ್ಕೆಗೆ ಮರಳಿಸುತ್ತಾರೆ. ಏನನ್ನೂ ತೋರಿಸಲಿಲ್ಲವೆಂದು ಇದುವರೆಗೆ ಯಾರೂ ದೂರಿಲ್ಲ.